ಬೆಲೆ ಹೇಳದ ಕೈ

ದೇವರ ಕೂಡ ಚೌಕಾಸಿ ಮಾಡಲು ಹೋಗಿ ಸೋತು ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಸೋದರಮಾವ!

ನಿಜಾಮರ ಕಾಲದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಸಂತೆಗಳಲ್ಲಿ ಎತ್ತಿನ ದಲಾಲಿ ಎಂದರೆ ಮಾವನೇ. ನಮ್ಮ ದಂಧೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗೂ ಹೊದಿಸಿ, ಒಳಗೇ ಬೆರಳು ಅಮುಕಿ ತಿಳಿಸುವುದು. ಎರಡು ಬೆರಳಿಗೆ ಇಪ್ಪತ್ತು, ನಾಲ್ಕಕ್ಕೆ ನಲವತ್ತು. ಸುತ್ತ ನಿಂತವರಿಗೆ ಕಾಣುವುದು ವಲ್ಲಿಯ ಕುಣಿತವಷ್ಟೇ! ಈ ವಿದ್ಯೆಯೊಂದನ್ನು ಕಲಿಸಿದವರು ಮಾವ. ಉಳಿದದ್ದೆಲ್ಲ ನನ್ನ ಸ್ವಂತ ಬುದ್ಧಿ ಅನ್ನಿ. ಅದರಲ್ಲಿ ಒಂದಿಷ್ಟು ನಿಮಗೂ ಇರಲಿ: ಎತ್ತು ಕೊಳ್ಳುವಾಗ ಮಾರುವವನ ಬಾಯಿ ನೋಡಬೇಡಿ, ಎತ್ತಿನ ಬಾಯಿ ನೋಡಿ!

ಅತ್ತೆ "ಇನ್ನೆಷ್ಟು ರೊಟ್ಟಿ?" ಎಂದು ಕೇಳಿದರೂ ಮಾವ ವಲ್ಲಿ ಹೊದಿಸಿ ಕೈ ಚಾಚುವರು.

"ಬಾಯಿಲೆ ಹೇಳ್ರಿ, ಇಲ್ಲಾ ಉಪಾಸ ಏಳ್ರಿ!"

ಅಂಥ ಅತ್ತೆಗೆ ಒಮ್ಮೆ ಕೆಟ್ಟ ಜ್ವರ ಬಂತು. ಲಿಂಗಸುಗೂರಿನ ಪಾದ್ರಿಯೊಬ್ಬರು ಬಂದು ಔಷಧಿ ಕೊಟ್ಟರು, ಪ್ರಾರ್ಥನೆ ಮಾಡಿದರು. ಜ್ವರ ಇಳಿಯಿತು. ಮಾವ ವಲ್ಲಿಯೊಳಗಿಂದ ಕೈ ಚಾಚಿದರೆ ಪಾದ್ರಿ ಅದನ್ನು ಕುಲುಕಿ ಬಿಟ್ಟರು!

"ಎಷ್ಟಾತ್ರಿ?"

"ಏನೂ ಇಲ್ಲ. ದೇವರ ಪ್ರೀತಿ ಪುಕ್ಕಟೆ. ಅದರ ಬೆಲಿ ಯೇಸುಸ್ವಾಮಿ ಆಗಲೇ ಕೊಟ್ಟಾನ."

ಮಾವನಿಗೆ ಎಂಟು ದಿನ ಊಟ ರುಚಿಸಲಿಲ್ಲ. "ಲೇ ಅಳಿಯಾ, ಪುಕ್ಕಟೆ ಕೊಡೋ ಎತ್ತಿಗೆ ಏನರ ಐಬು ಇದ್ದೇ ಇರತದ!" ಆ ಐಬು ಹುಡುಕಲು ಪ್ರತಿ ಆಯಿತವಾರ ಮಸ್ಕಿಯಿಂದ ಬಂಡಿ ಕಟ್ಟಿಕೊಂಡು ಲಿಂಗಸುಗೂರಿಗೆ ಹೊರಟರು.

"ಸಿಕ್ತೇನು ಮಾವಾ?"

"ಹಲ್ಲು ನೋಡೀನಿ. ಈಗ ಮೈಮ್ಯಾಲಿನ ಸುಳಿ ನೋಡಾಕತ್ತೀನಿ."

ವರ್ಷ ಕಳೆಯಿತು. ಐಬು ಸಿಗಲಿಲ್ಲ, ಮಾವನೇ ಸಿಕ್ಕಿಬಿದ್ದರು! ದೀಕ್ಷಾಸ್ನಾನ ಮಾಡಿಸಿಕೊಂಡು ಬಂದರು. ಪ್ರಾರ್ಥನೆಗೆ ಕುಳಿತರೂ ಕೈ ಮೇಲೆ ವಲ್ಲಿ ಬೇಕು. "ಮುಚ್ಚದಿದ್ರ ಈ ಕೈಗೆ ಮಾತು ಬರೂದಿಲ್ಲಲೇ!"

ಅಲ್ಲಿಂದ ಸಂತೆಯಲ್ಲಿ ಖರೇ ಮಾತು ಶುರುವಾಯಿತು. ಜವಳಗೇರಾದ ಗೌಡರೊಬ್ಬರಿಗೆ, "ಈ ಎತ್ತು ಒದೀತದ, ಬ್ಯಾಡ್ರಿ" ಎಂದರು. ದಲಾಲಿ ತಾನೇ ಕೊಂಡುಕೊಳ್ಳಲು ಹೀಗನ್ನುತ್ತಾನೆ ಎಂದುಕೊಂಡು ಗೌಡರು ಎತ್ತಿನ ಧಣಿಗೆ ಇನ್ನೂ ಹತ್ತು ಹೆಚ್ಚು ಕೊಟ್ಟು ಹೊಡೆದುಕೊಂಡು ಹೋದರು. ಎತ್ತು ಒದೆಯಿತು, ಅದೂ ಗೌಡರ ಬೀಗರಿಗೆ! ಮರುವಾರ ಗೌಡರು ಬಂದು ಕೂಗಾಡಿದರು: "ಖರೇ ಹೇಳಿ ಮೋಸ ಮಾಡಿದ್ಯಲ್ಲೋ!"

ಅಷ್ಟರಲ್ಲಿ ಮಾವ ದಲಾಲಿಯನ್ನೇ ಬಿಟ್ಟರು. ಒಂದು ಜೋಡಿ ಎತ್ತು ಹೊಡೆದುಕೊಂಡು ಗೊರೇಬಾಳದ ಕಡೆ, ಎತ್ತಿಲ್ಲದವರ ಹೊಲ ಉತ್ತು ಹರಗಲು ಹೊರಟರು. ಕೂಲಿ ಎಷ್ಟೆಂದು ಕೇಳಿದರೆ, "ಆಗಲೇ ಮುಟ್ಟ್ಯಾದ" ಅನ್ನುವರು. ಒಂದು ಬಿಡಿಗಾಸೂ ಮುಟ್ಟಿರಲಿಲ್ಲ!

ಅಂಥ ಕೈ ಹಾಳಾಗುವುದೇ? ಪ್ರತಿ ಸಂತೆಗೂ ಕರೆದೆ. "ಮಾವಾ, ನಿಮ್ಮ ಕೈ ಇಲ್ಲದ ನನಗ ಸಂತಿ ಬಿಕೋ ಅಂತದ. ಬರ್ರಿ."

"ಹೋಗಲೇ. ನಲವತ್ತು ವರ್ಷ ಮಂದಿ ಕೈ ಹಿಡದೀನಿ. ಒಬ್ಬರ ಮಾರಿ ನೆನಪಿಲ್ಲ, ಬರೇ ಬೆರಳು ನೆನಪದಾವ."

ಕೊನೆಗೆ ಅವರು ಹಾಸಿಗೆ ಹಿಡಿದರು. ಸಿಂಧನೂರು ಸಂತೆಯ ದಿನ ಬೆಳಿಗ್ಗೆ, ಬಂಡಿಯನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋದೆ. ಮಾವ ವಲ್ಲಿಯನ್ನು ನಮ್ಮಿಬ್ಬರ ಕೈ ಮೇಲೆ ಎಳೆದರು. ನನ್ನ ಬೆರಳುಗಳು ರೂಢಿಯಂತೆ ಕಿವಿ ನಿಮಿರಿಸಿದವು. ಎರಡೇ? ನಾಲ್ಕೇ? ಅವರು ಐದನ್ನೂ ಹಿಡಿದರು.

"ಐವತ್ತೇನು ಮಾವಾ?"

ನಕ್ಕರು. ಅಮುಕಲಿಲ್ಲ, ಬಿಡಲೂ ಇಲ್ಲ. ಸುಮ್ಮನೆ ಹಿಡಿದುಕೊಂಡರು. ನೇಗಿಲು ಹಿಡಿದು ಒರಟಾದ ಅಂಗೈ ಬೆಚ್ಚಗಿತ್ತು.

"ಸಂತಿಗಿ ಹೊತ್ತಾತು. ಹೋಗಲೇ ಅಳಿಯಾ."

"ಹೋಗ್ತೀನ್ರಿ ಮಾವಾ."

ಹೊರಗೆ ಎತ್ತುಗಳು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ನಾನು ವಲ್ಲಿಯಿಂದ ಕಣ್ಣು ಕಿತ್ತು ಮೊದಲ ಸಲ ಮಾವನ ಮಾರಿ ನೋಡಿದೆ. ನೋಡುತ್ತಲೇ ಕುಳಿತೆ. ಆವತ್ತಿನ ಸಂತೆ ನಾನಿಲ್ಲದೆಯೇ ನಡೆಯಿತು.