ಗೋಡೆಯೊಳಗಿನ ಉಪಕಾರ

ಇಷ್ಟಕ್ಕೆಲ್ಲ ಕಾರಣ ಹೊಸ ಬಣ್ಣ. ಹಾಲಿಗೆ ಪೇಂಟ್ ಹೊಡೆಸಿ ವಾಸನೆ ಕೂಡ ಹೋಗಿರಲಿಲ್ಲ, ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಪ್ರೊಜೆಕ್ಟರ್ ತಂದು ಕೂತರು. ಹೆಂಡತಿ ಒಮ್ಮೆ ಡಬ್ಬ ನೋಡಿದಳು, ಒಮ್ಮೆ ಗೋಡೆ ನೋಡಿದಳು.

"ನೋಡ್ರೀ, ಗೋಡೆಗೆ ಒಂದೇ ಒಂದು ತೂತು ಬಿದ್ರೂ, ಒಂದು ವೈರು ನೇತಾಡಿದ್ರೂ, ಈ ಡಬ್ಬ ಬಂದ ದಾರೀಲೇ ವಾಪಸ್. ಸಂಜೆ ಅಪ್ಪನ್ನ ಕರ್ಕೊಂಡು ಬರೋಷ್ಟರಲ್ಲಿ ಮುಗಿಸಿ" ಎಂದು ಬಸ್ಸಿಗೆ ಹೊರಟಳು.

ಪ್ರೊಜೆಕ್ಟರ್ ತಂದದ್ದೇ ಆ ಅಪ್ಪನಿಗಾಗಿ. ಮಾವ ಒಂದು ಕಾಲದಲ್ಲಿ ಫುಟ್‌ಬಾಲ್ ರೆಫರಿ. ಈಗ ಕಣ್ಣು ಮಂಜು. ಟೀವಿಯಲ್ಲಿ ಆಟಗಾರರು ಕಾಣುತ್ತಾರೆ, ಚೆಂಡು ಕಾಣುವುದಿಲ್ಲ. "ಅಷ್ಟು ಜನ ಸುಮ್ಮಸುಮ್ನೆ ಓಡಾಡೋದನ್ನ ಏನು ನೋಡೋದು" ಎಂದು ನೋಡುವುದನ್ನೇ ಬಿಟ್ಟಿದ್ದರು. ಇನ್ನು ಮುಂದೆ ಅವರ ವಾಸ ಮಗಳ ಮನೆಯಲ್ಲೇ, ಮತ್ತು ಇವತ್ತೇ ಸಂಜೆ ಫೈನಲ್.

ಮಾವನ ಋಣ ಸಣ್ಣದಲ್ಲ. ಮದುವೆ ಮಾತುಕತೆಯಲ್ಲಿ ನೆಂಟರೆಲ್ಲ "ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತೋದೂ ಒಂದು ಉದ್ಯೋಗಾನಾ?" ಎಂದು ಮೂಗು ಮುರಿದಾಗ, "ಊರವರ ಮಕ್ಕಳನ್ನ ಗುದ್ದದ ಹಾಗೆ ಕಾಯೋನು ನನ್ನ ಮಗಳನ್ನ ಕಾಯಲ್ವಾ?" ಎಂದವರು ಅವರೊಬ್ಬರೇ. ಅದಕ್ಕೆ ನೆಟ್ಟಗೆ ಒಂದು ಥ್ಯಾಂಕ್ಸ್ ಹೇಳುವ ಧೈರ್ಯ ಅಳಿಯನಿಗೆ ಇಲ್ಲಿಯವರೆಗೂ ಬಂದಿರಲಿಲ್ಲ. ಚೆಂಡು ತೋರಿಸಿಬಿಟ್ಟರೆ ಹೇಳಿದ ಹಾಗೇ ಆಯಿತಲ್ಲ!

ಅದೃಷ್ಟ ನೋಡಿ, ಟೀವಿ ಗೂಡಿನ ಹಿಂದೆ ಒಂದು ಮುಚ್ಚಳ ತೆಗೆದರೆ ಕೆಂಪು, ಹಸಿರು, ನೀಲಿ ಮೂರು ವೈರು ಗೋಡೆಯೊಳಗೆ ಹೋಗಿವೆ. ಹಾಲಿನ ಎದುರು ಗೋಡೆಯಲ್ಲಿ, ಬೀರುವಿನ ಮೇಲೆ, ಅದೇ ಬಣ್ಣದ ಮೂರು ತೂತಿನ ಪ್ಲೇಟು. ಮನೆ ಕಟ್ಟಿದ ಪುಣ್ಯಾತ್ಮ ಯಾವ ಕಾಲದಲ್ಲೋ ಹಾಕಿಟ್ಟ ವೀಡಿಯೋ ಕೇಬಲ್ಲು! ಮೇಷ್ಟ್ರು ಗೋಡೆಗೇ ಕೈ ಮುಗಿದರು. ಟೀವಿಗೆ ಚಾನೆಲ್ ತರುವ ಹೊಸ ಸೆಟ್‌ಟಾಪ್ ಪೆಟ್ಟಿಗೆಗೂ ಹಳೇ ವೈರಿಗೂ ನಂಟು ಮಾಡುವ ಪುಟ್ಟ ಡಬ್ಬಿಯನ್ನು ಅಂಗಡಿಯಿಂದ ತಂದರು. ಈ ಕಡೆ ಪೆಟ್ಟಿಗೆ, ಆ ಕಡೆ ಬೀರುವಿನ ಮೇಲೆ ಪ್ರೊಜೆಕ್ಟರ್. ಸ್ವಿಚ್ ಒತ್ತಿದರು.

ಹೊಸ ಬಣ್ಣದ ಗೋಡೆಯ ಮೇಲೆ ಅಗಲಕ್ಕೆ ನೀಲಿ. ಬೇರೇನೂ ಇಲ್ಲ.

ಮೇಲಿನ ಮನೆಯ ಮೈಕ್ ಸೆಟ್‌ನವರು ಕರೆಯದೇ ಇಳಿದು ಬಂದರು. "ಬಣ್ಣ ನಂಬಬೇಡಿ ಸಾರ್, ವೈರು ಹಾಕಿದೋನಿಗೆ ಬಣ್ಣ ಗೊತ್ತಿತ್ತು ಅಂತ ಏನು ಗ್ಯಾರಂಟಿ?" ಎಂದು ಕೆಂಪನ್ನು ಹಸಿರಿಗೆ, ಹಸಿರನ್ನು ನೀಲಿಗೆ ಸಿಕ್ಕಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು.

"ತುಂಬಾ ಉಪಕಾರ" ಎಂದರು ಮೇಷ್ಟ್ರು, ಎಲ್ಲವನ್ನೂ ಮೊದಲಿನ ಹಾಗೆ ಸಿಕ್ಕಿಸುತ್ತಾ.

"ಈ ವೈರಲ್ಲಿ ಚಿತ್ರ ಮಾತ್ರ ಹೋಗೋದು, ಸೌಂಡ್ ಬೇರೆ. ತಡೀರಿ!" ಮೈಕ್ ಸೆಟ್‌ನವರು ಓಡಿ ಹೋಗಿ ಆಳೆತ್ತರದ ಸ್ಪೀಕರ್ ತಂದು ಪೆಟ್ಟಿಗೆಗೆ ಜೋಡಿಸಿದರು. ಪಂದ್ಯದ ಮುಂಚಿನ ಹರಟೆ ಬೀದಿಗೆಲ್ಲ ಕೇಳಿಸಿತು. ಆ ಸದ್ದಿಗೆ ಎದುರು ಮನೆಯ ಟ್ಯೂಷನ್ ಟೀಚರಮ್ಮ ಬೈಯಲು ಬಂದವರು ಸಲಹೆ ಕೊಡಲು ಕೂತರು. ಪಕ್ಕದ ಮನೆಯ ಪುಕ್ಕಟೆರಾಯರೂ ತಲೆ ಹಾಕಿದರು. ಯಾರ ಮನೆಗೆ ಪೇಪರ್ ಬಂದರೂ ಮೊದಲು ಓದುವವರು ಅವರೇ, ಆ ಹೆಸರು ಸುಮ್ಮನೆ ಬಂದದ್ದಲ್ಲ.

"ಹಳೇ ವೈರು ಬಿಸಾಕೋದಿದ್ರೆ ನನಗೆ ಹೇಳಿ" ಎಂದು ಅವರು ಹೋದರು.

ಸಂಜೆಯಾಯಿತು. ಆಟ ಶುರುವಾದದ್ದು ಸ್ಪೀಕರಿನಲ್ಲಿ ಗೊತ್ತಾಯಿತು. ಮೇಷ್ಟ್ರು ಗಡಿಯಾರ ನೋಡಿ ಮತ್ತೆ ಗೂಡಿನ ಹಿಂದೆ ಕೈ ಹಾಕಿದರು.

"ಒಳಗೆ ವೈರು ಮಡಚಿಕೊಂಡಿರುತ್ತೆ. ಎಳೆದು ನೆಟ್ಟಗೆ ಮಾಡಿ" ಎಂದರು ಟೀಚರಮ್ಮ. ಮೇಷ್ಟ್ರು ವೈರು ಹಿಡಿದರು, ಮೈಕ್ ಸೆಟ್‌ನವರು ಮೇಷ್ಟ್ರನ್ನು ಹಿಡಿದರು, ಟೀಚರಮ್ಮ ಲೆಕ್ಕ ಹೇಳಿದರು. "ಒಂದು, ಎರಡು..."

"ಅಯ್ಯಯ್ಯೋ! ಬಂತು! ಬಂದೇಬಿಡ್ತು!" ಗೋಡೆಯಾಚೆ ಪುಕ್ಕಟೆರಾಯರ ಚೀರಾಟ.

"ಗೋಡೆ ಬಿತ್ತೇನ್ರೀ ಅವರ ಮೇಲೆ!" ಮೂವರೂ ವೈರು ಬಿಟ್ಟು ಓಡಿದರು.

ಗೋಡೆ ನೆಟ್ಟಗೇ ಇತ್ತು. ಅದರ ಮೇಲೆ ಬಾಗಿಲಿನಷ್ಟು ದೊಡ್ಡ ಟೀವಿ. ಅದರ ತುಂಬ ಹಸಿರು ಮೈದಾನ, ನಡುವೆ ಲಕಲಕ ಹೊಳೆಯುವ ಚೆಂಡು.

"ಲಕ್ಕಿ ಡ್ರಾನಲ್ಲಿ ಬಂದ ಟೀವಿ. ಕನೆಕ್ಷನ್‌ಗೆ ಯಾರು ದುಡ್ಡು ಕೊಡ್ತಾರೆ? ಗೋಡೇಲಿ ಮೂರು ತೂತಿತ್ತು, ಏನಾದ್ರೂ ಬರಬಹುದು ಅಂತ ಸಿಕ್ಕಿಸಿಟ್ಟೆ. ದಿನಾ ಸಂಜೆ ಹಾಕಿ ನೋಡ್ತಿದ್ದೆ. ಇವತ್ತು ದೇವರು ಕಣ್ಬಿಟ್ಟ!" ರಾಯರು ಕಣ್ಣೊರೆಸಿಕೊಂಡರು.

ಎರಡು ಮನೆಯ ವೈರನ್ನು ಮನೆ ಕಟ್ಟಿದ ಆ ಪುಣ್ಯಾತ್ಮ ಅದಲುಬದಲು ಮಾಡಿದ್ದ: ಮೇಷ್ಟ್ರ ಗೂಡಿನದು ರಾಯರ ಗೋಡೆಗೆ, ರಾಯರ ಗೂಡಿನದು ಮೇಷ್ಟ್ರ ಗೋಡೆಗೆ. "ಹಾಗಾದ್ರೆ ನಿಮ್ಮ ಪೆಟ್ಟಿಗೇನ ಇವರ ಗೂಡಲ್ಲಿಟ್ಟರೆ ಚಿತ್ರ ನಿಮ್ಮನೇಲಿ ಬರುತ್ತೆ ಸಾರ್" ಎಂದರು ಮೈಕ್ ಸೆಟ್‌ನವರು.

"ನನ್ನ ಕರೆಂಟಲ್ಲಾ? ಆಗಲ್ಲಪ್ಪ" ಎಂದರು ರಾಯರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮಗಳ ಜೊತೆ ಬಂದ ಮಾವನಿಗೆ ಮೊದಲು ಕಂಡದ್ದು ರಾಯರ ಮನೆಯ ತೆರೆದ ಬಾಗಿಲ ಬೆಳಕು. ಸೀದಾ ಒಳಗೆ ಬಂದು ಟೀವಿಯ ಮುಂದೆ ನಿಂತುಬಿಟ್ಟರು.

"ಚೆಂಡು... ಚೆಂಡು ಕಾಣ್ತಿದೆ ಕಣಮ್ಮಾ!" ಮಗಳ ಕೈ ಹಿಡಿದು ಕುಲುಕಿದರು. "ಆಫ್‌ಸೈಡ್! ಯಾವನೋ ಅವನು ರೆಫರಿ, ಕಣ್ಣು ಕಾಣಲ್ವಾ?" ಆಮೇಲೆ ರಾಯರ ಎರಡೂ ಕೈ ಹಿಡಿದರು. "ಸ್ವಾಮೀ, ನನಗೆ ಕಣ್ಣು ಕೊಟ್ರಿ. ಈ ಉಪಕಾರ ಸಾಯೋವರೆಗೂ ಮರೆಯಲ್ಲ."

"ಇದೇನು ಮಹಾ" ಎಂದರು ರಾಯರು, ತಾವೇ ಟೀವಿ ಕಂಡುಹಿಡಿದವರಂತೆ.

"ಮಾವ, ಅದು ನಾನು..." ಮೇಷ್ಟ್ರು ಬಾಯಿ ತೆರೆದರು.

"ಶ್! ಕಾರ್ನರ್ ಕಿಕ್ಕು!" ಎಂದರು ಮಾವ. ಆಮೇಲೆ ಕಿವಿಗೆ ಕೈ ಹಚ್ಚಿದರು. "ಸೌಂಡ್ ಸರಿಯಾಗಿ ಬರ್ತಿಲ್ವಲ್ಲ?"

"ಸೌಂಡ್ ಅವರ ಮನೇಲಿರುತ್ತೆ. ಮೇಷ್ಟ್ರೇ, ಸ್ವಲ್ಪ ಜೋರು ಮಾಡ್ಬನ್ನಿ" ಎಂದರು ರಾಯರು.

ಮೇಷ್ಟ್ರು ಮನೆಗೆ ಬಂದು ಸದ್ದು ಜೋರು ಮಾಡಿ, ನೀಲಿ ಗೋಡೆಯ ಮುಂದೆ ಒಬ್ಬರೇ ಕೂತರು. ಹೊಟ್ಟೆ ಉರಿಯಬೇಕಿತ್ತು, ಉರಿಯಿತು ಕೂಡ. ಆದರೆ ಗೋಡೆಯಾಚೆಯಿಂದ ಆ ಮುದುಕರು ರೆಫರಿಯನ್ನು ಬೈಯುವ ಸಂಭ್ರಮ ಕೇಳಿ ಕಣ್ಣು ತೇವವಾಯಿತು. ಯಾರ ಕೈಯಿಂದಲಾದರೂ ಆಗಲಿ, ಆಯಿತಲ್ಲ ಎಂದುಕೊಂಡರು. ನಾಳೆ ಪೆಟ್ಟಿಗೆಯಿಂದ ಈ ವೈರು ಕಿತ್ತು, ಅಂಗಡಿಯಿಂದ ಉದ್ದನೆ ವೈರು ತಂದು, ನೆಲದಂಚಿನಲ್ಲಿ ಹಾಯಿಸಿ, ಪ್ರೊಜೆಕ್ಟರಿಗೇ ಕೊಟ್ಟರಾಯಿತು. ಆಗ ಮಾವನ ಪಕ್ಕದಲ್ಲೇ ಕೂರಬಹುದು.

ಪಂದ್ಯ ಮುಗಿದು ಮಾವ ಬಂದರು. ಮುಖ ಅರಳಿತ್ತು.

"ಎಂಥ ದೊಡ್ಡ ಮನುಷ್ಯ ಅಳಿಯಂದ್ರೇ! ದಿನಾ ಬನ್ನಿ ಅಂದ್ರು. ಒಂದೇ ಮಾತು ಕೇಳಿದ್ರು, ನಿಮ್ಮ ಪೆಟ್ಟಿಗೇಲಿರೋ ವೈರನ್ನ ಯಾವತ್ತೂ ಕೀಳಬಾರದಂತೆ. ನನ್ನ ಅಳಿಯ ಚಿನ್ನದಂಥೋನು, ಮುಟ್ಟೋದೇ ಇಲ್ಲ ಅಂತ ಆಣೆ ಇಟ್ಟು ಬಂದಿದ್ದೀನಿ."

ಮೇಷ್ಟ್ರು ಪ್ರೊಜೆಕ್ಟರ್ ನೋಡಿದರು, ಹೆಂಡತಿಯನ್ನು ನೋಡಿದರು. ಅವಳು ಗೋಡೆ ಸವರಿ, ತೂತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು.

"ಆಗಲಿ ಮಾವ" ಎಂದರು ಮೇಷ್ಟ್ರು.

"ಇನ್ನೊಂದು" ಎಂದರು ಮಾವ. "ನಾಳೆ ಸೌಂಡ್ ಇನ್ನೂ ಸ್ವಲ್ಪ ಜಾಸ್ತಿ ಇಡಿ."