ಅಲ್ಲಾಡದ ಮುಳ್ಳು

ಗಡಿಯಾರ ರಿಪೇರಿಯವನ ನೆಮ್ಮದಿ ಕೆಡಿಸಿದ್ದು ಒಂದು ಮುಳ್ಳು. ಕಾಲಿಗೆ ಚುಚ್ಚಿದ್ದಲ್ಲ, ಗಡಿಯಾರದೊಳಗಿನದ್ದೂ ಅಲ್ಲ. ಪಕ್ಕದ ಹಿತ್ತಲಲ್ಲಿ ಹಲ್ಲಿನ ಡಾಕ್ಟರ ಗುಡಾಣದ ಮುಚ್ಚಳಕ್ಕೆ ಅಂಟಿಕೊಂಡಿದ್ದ ಬಿಸಿ ತೋರಿಸುವ ಮೀಟರಿನ ಮುಳ್ಳು. ಅದು ಬೆಳಗ್ಗೆ ಏಳು ಗಂಟೆಗೆ ನೂರಿಪ್ಪತ್ತರ ಮೇಲೆ ಕೂತದ್ದು ಎಂಟಾದರೂ ಅಲ್ಲೇ, ಒಂಬತ್ತಾದರೂ ಅಲ್ಲೇ. ಧ್ಯಾನಕ್ಕೆ ಕೂತ ಮುನಿಯಾದರೂ ನಡುವೆ ಒಮ್ಮೆ ಮೂಗು ತುರಿಸಿಕೊಂಡಾನು. ಆ ಮುಳ್ಳು ಕದಲಲಿಲ್ಲ.

ಗುಡಾಣ ಅಂದದ್ದು ಓಣಿಯವರ ಮಾತು. ಮಾರುವವರು ಅದನ್ನು ಕಮಾಡೊ ಅನ್ನುತ್ತಾರೆ. ದಪ್ಪ ಪಿಂಗಾಣಿಯ, ಮೊಟ್ಟೆಯಾಕಾರದ ಒಲೆ. ಒಳಗೆ ಇದ್ದಿಲು, ಇದ್ದಿಲ ನಡುವೆ ಎರಡು ತುಂಡು ಒಣ ಸೌದೆ, ಮೇಲೆ ಕಂಬಿಯ ಜಾಲರಿ, ಜಾಲರಿಯ ಮೇಲೆ ಮಾಂಸ. ಬುಡದಲ್ಲೊಂದು ಗಾಳಿಬಾಗಿಲು, ನೆತ್ತಿಯಲ್ಲೊಂದು ಹೊಗೆಕಿಂಡಿ. ಇವೆರಡನ್ನು ಕೂದಲೆಳೆಯಷ್ಟು ಸರಿಸಿ ಬೆಂಕಿಯನ್ನು ಅಂಕೆಯಲ್ಲಿಡುವುದೇ ಅದರ ವಿದ್ಯೆಯೆಲ್ಲ. ಓಣಿಯ ಐದು ಮನೆಗಳಲ್ಲಿ ಅಂಥ ಗುಡಾಣಗಳಿದ್ದವು. ಐದು ಮನೆಯವರೂ ಸಿಕ್ಕಲ್ಲೆಲ್ಲ ಅದನ್ನೇ ಮಾತಾಡುತ್ತಿದ್ದರು. ಹೆತ್ತ ಮಕ್ಕಳ ಬಗ್ಗೆ ಕೂಡ ಅಷ್ಟು ಮಾತು ಬರುತ್ತಿರಲಿಲ್ಲ.

ವರ್ಷಕ್ಕೊಂದು ಭಾನುವಾರ ಐವರೂ ನಸುಕಿನಲ್ಲಿ ಬೆಂಕಿ ಹೊತ್ತಿಸುತ್ತಿದ್ದರು. ಎಲ್ಲರದೂ ಒಂದೇ, ಕುರಿಯ ಭುಜದ ಮಾಂಸ. ಮಧ್ಯಾಹ್ನ ಒಂದಕ್ಕೆ ದೊಡ್ಡ ಟೀಚರ ಅಂಗಳದಲ್ಲಿ ಊಟ. ದೊಡ್ಡ ಟೀಚರು ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಅವರ ಮನೆಯಲ್ಲಿ ಗುಡಾಣವಿರಲಿಲ್ಲ, ಆದ್ದರಿಂದಲೇ ಅವರು ತೀರ್ಪುಗಾರರು. ಅವರು ಯಾರದನ್ನು ಮೆಚ್ಚುವರೋ ಅವರ ಮನೆಗೆ ಒಂದು ವರ್ಷದ ಮಟ್ಟಿಗೆ ಹಿತ್ತಾಳೆ ಹಿಡಿಯ ಕಬ್ಬಿಣದ ಕೋಲು ಹೋಗುತ್ತಿತ್ತು. ಕೆಂಡ ಕೆದಕುವ ಕೋಲು, ಬೇರೇನಲ್ಲ. ಆದರೆ ಮೂರು ವರ್ಷದಿಂದ ಅದು ಡಾಕ್ಟರ ಹಿತ್ತಲ ಆಚೆಬದಿಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಗಡಿಯಾರದವನ ಹಾಸಿಗೆಯ ಪಕ್ಕದ ಕಿಟಕಿ ತೆರೆದರೆ ಮೊದಲು ಕಾಣುವುದು ಅದೇ. ದಿನವೂ ಎದ್ದ ಕೂಡಲೇ ಅವನು ದೇವರನ್ನು ನೆನೆಯಲು ಕಣ್ಣು ಮುಚ್ಚುತ್ತಿದ್ದ. ಕಣ್ಣು ಬಿಟ್ಟರೆ ಕೋಲು.

ಕೋಲಿನದು ಹೋಗಲಿ. ಗಾಳಿ ಆ ಕಡೆಯಿಂದ ಬೀಸಿದಾಗೆಲ್ಲ ಅವನ ಹೆಂಡತಿ ತರಕಾರಿ ಹೆಚ್ಚುವುದನ್ನು ಬಿಟ್ಟು ಕಣ್ಣು ಅರೆಮುಚ್ಚಿ ಮೂಗು ಅರಳಿಸುತ್ತಿದ್ದಳು. ಬಾಯಿ ತೆರೆದು ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಇವನ ಗುಡಾಣದ ಹೊಗೆಗೆ ಅವಳು ಮಾಡುತ್ತಿದ್ದುದು ಒಂದೇ ಕೆಲಸ, ಒಣಗಿಸಿದ ಬಟ್ಟೆ ಎತ್ತಿಡುವುದು.

ಆ ಭಾನುವಾರ ಗಡಿಯಾರದವನ ಮುಳ್ಳು ಜ್ವರ ಬಂದ ಮಗುವಿನ ಹಾಗೆ ಏರುತ್ತ ಇಳಿಯುತ್ತ ಇತ್ತು. ನೂರೈವತ್ತು, ತೊಂಬತ್ತು, ನೂರನಲವತ್ತು. ಬಾಗಿಲು ಸರಿಸಿ ಸರಿಸಿ ಅವನ ಬೆರಳ ತುದಿ ಮಸಿಯಾಯಿತು. ಅರ್ಧ ಗಂಟೆಗೊಮ್ಮೆ ಸ್ಟೂಲು ಹತ್ತಿ, ಬಟ್ಟೆಯ ತಂತಿ ಬಿಗಿ ಮಾಡುವ ನೆಪದಲ್ಲಿ ಪಕ್ಕದ ಹಿತ್ತಲು ನೋಡುತ್ತಿದ್ದ. ಅಲ್ಲಿ ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದುತ್ತಿದ್ದರು. ಗುಡಾಣದ ನೆತ್ತಿಯಿಂದ ನೂಲಿನೆಳೆಯಷ್ಟು ತೆಳ್ಳಗಿನ ನೀಲಿ ಹೊಗೆ. ಆ ತೆಳುಹೊಗೆ ಬರಿಸಲೆಂದೇ ಗುಡಾಣದವರು ತಪಸ್ಸು ಮಾಡುತ್ತಾರೆ. ಈ ಮನುಷ್ಯನಿಗೆ ಅದು ಪೇಪರು ಓದುವಾಗ ಬರುತ್ತಿತ್ತು.

ಇನ್ನೊಂದು ಪಕ್ಕದ ಮನೆಯ ಬೇಕರಿ ಅಕ್ಕ ತನ್ನ ಗುಡಾಣಕ್ಕೆ ಸೌದೆ ಇಡುತ್ತ ಇದನ್ನೆಲ್ಲ ನೋಡುತ್ತಿದ್ದಳು.

"ತಂತಿ ಸಾಕಷ್ಟು ಬಿಗಿಯಾಗಿದೆ ಬಿಡಪ್ಪ," ಎಂದಳು. "ಇನ್ನೊಂದು ಸುತ್ತು ತಿರುವಿದ್ರೆ ಗೋಡೆನೇ ಕಿತ್ತು ಬರುತ್ತೆ."

ಹತ್ತು ಗಂಟೆಗೆ ಇವನ ಮುಳ್ಳು ಎಂಬತ್ತಕ್ಕೆ ಇಳಿಯಿತು. ರೇಗಿ ಗಾಳಿಬಾಗಿಲನ್ನು ಪೂರ್ತಿ ತೆಗೆದಿಟ್ಟ. ಐದು ನಿಮಿಷ ಬಿಟ್ಟು ಮುಚ್ಚಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಡಾಕ್ಟರು ಗೋಡೆಯ ಹತ್ತಿರ ಬಂದು ಕರೆದರು. ಯಾರಿಗೋ ದವಡೆ ಊದಿಕೊಂಡಿದೆಯಂತೆ, ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಅಳುತ್ತಿದ್ದಾರಂತೆ, ಹೋಗಿ ಬರುವುದು ಒಂದು ಗಂಟೆಯ ಮೇಲಾಗುತ್ತದಂತೆ.

"ನಿಮ್ಮನ್ನ ಬಿಟ್ರೆ ನಂಗೆ ಯಾರ ಮೇಲೂ ನಂಬಿಕೆ ಇಲ್ಲ," ಎಂದರು ಡಾಕ್ಟರು. "ಸುಮ್ನೆ ನೋಡ್ತಾ ಇದ್ರೆ ಸಾಕು. ಅದೇನೂ ತಂಟೆ ಮಾಡಲ್ಲ."

ಕೊನೆಯ ಆ ಒಂದು ಮಾತು ಆಡದೆ ಹೋಗಿದ್ದರೆ ಗಡಿಯಾರದವನು ಸುಮ್ಮನೆ ನೋಡುತ್ತ ಕೂರುತ್ತಿದ್ದನೋ ಏನೋ. ಮನುಷ್ಯನನ್ನು ಪರೀಕ್ಷಿಸಲು ದೇವರು ಅವನನ್ನು ಕಾಡಿಗೆ ಕಳಿಸಬೇಕಾಗಿಲ್ಲ. ಪಕ್ಕದ ಮನೆಯ ಹಿತ್ತಲಿಗೆ ಕಳಿಸಿದರೆ ಸಾಕು.

ಡಾಕ್ಟರ ಕಾರು ತಿರುವು ದಾಟಿತು. ಗಡಿಯಾರದವನು ಗುಡಾಣದ ಎದುರು ಕುಕ್ಕರುಗಾಲಲ್ಲಿ ಕೂತ. ಮುಳ್ಳು ನೂರಿಪ್ಪತ್ತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೇಕರಿ ಅಕ್ಕ ಒಳಗೆ ಹೋಗಿದ್ದಳು. ಮನಸ್ಸಿನಲ್ಲೇ ದೇವರಿಗೆ ಒಂದು ಅರ್ಜಿ ಹಾಕಿದ. ಇದು ಹೊಟ್ಟೆಕಿಚ್ಚಲ್ಲ, ಮೂರು ವರ್ಷ ಗೆದ್ದವರಿಗೆ ಒಮ್ಮೆ ಸೋತರೆ ಏನು ರುಚಿ ಅಂತ ಗೊತ್ತಾಗಲಿ, ಅವರ ಒಳ್ಳೆಯದಕ್ಕೇ. ದೇವರು ಬೇಡವೆನ್ನಲಿಲ್ಲ. ಗಾಳಿಬಾಗಿಲನ್ನು ಪೂರ್ತಿ ತೆಗೆದ.

ಹತ್ತು ನಿಮಿಷವಾಯಿತು. ಮುಳ್ಳು ನೂರಿಪ್ಪತ್ತು.

ಗೋಡೆಯ ಮೊಳೆಯಿಂದ ಕೋಲು ಇಳಿಸಿದ. ಮೊದಲ ಸಲ ಅದು ಅವನ ಕೈಗೆ ಬಂದಿತ್ತು. ಹಿತ್ತಾಳೆ ಹಿಡಿ ತಣ್ಣಗಿತ್ತು, ತೂಕ ಹದವಾಗಿತ್ತು. ಕಣ್ಣು ಮಂಜಾದಂತಾಯಿತು. ಆ ಕೋಲನ್ನೇ ಬುಡದ ಬಾಗಿಲೊಳಗೆ ತೂರಿಸಿ, ಬೆಂಕಿ ರೇಗಲಿ ಎಂದು ಇದ್ದಿಲನ್ನು ಅಡಿಯಿಂದ ಚೆನ್ನಾಗಿ ಕೆದಕಿದ. ಒಂದು ರಾಶಿ ಬೂದಿ ದುಬುಕ್ಕನೆ ಕೆಳಗೆ ಬಿತ್ತು. ಒಳಗೆ ಕೆಂಡ ಕೆಂಪಗೆ ಕಣ್ಣು ಬಿಟ್ಟಿತು. ಮುಳ್ಳು ಮಾತ್ರ ನೂರಿಪ್ಪತ್ತು.

ಬೆಂಕಿಗೂ ಇವರ ಮೇಲೆ ಇಷ್ಟು ಭಕ್ತಿಯೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಮುಳ್ಳು ಏರುವುದನ್ನು ಕಣ್ಣಾರೆ ನೋಡದೆ ಏಳುವುದಿಲ್ಲವೆಂದು ಡಾಕ್ಟರ ಕುರ್ಚಿಯಲ್ಲೇ ಕೂತ. ಹನ್ನೊಂದು ಹೊಡೆಯಿತು. ಹನ್ನೊಂದೂ ಕಾಲಾಯಿತು. ಆಗ ಗಾಳಿಯಲ್ಲಿ ಮೆಲ್ಲಗೆ ಒಂದು ವಾಸನೆ ತೇಲಿಬಂತು. ಸೀದ ವಾಸನೆ.

ಅಡುಗೆಮನೆ ಕಿಟಕಿಯಿಂದ ಹೆಂಡತಿ ಕೂಗಿದಳು. "ರೀ, ಏನೋ ಸೀದು ಹೋಗ್ತಾ ಇದೆ."

"ಹೋಗ್ಲಿ ಬಿಡೇ," ಎಂದ ಇವನು. ಮದುವೆಯಾದ ದಿನ ಕೂಡ ಅವನ ದನಿ ಅಷ್ಟು ಮೃದುವಾಗಿರಲಿಲ್ಲ. "ಎಲ್ಲ ದೇವರಿಚ್ಛೆ."

"ನಿಮ್ಮದೇ ಕಣ್ರೀ ಸೀಯ್ತಿರೋದು."

ಅವನು ಗೋಡೆ ಹಾರಿದ್ದು ಹೇಗೆಂದು ಅವನಿಗೇ ತಿಳಿಯಲಿಲ್ಲ. ತನ್ನ ಗುಡಾಣದ ಮುಳ್ಳು ಮೀಟರಿನ ಅಂಕಿಗಳೆಲ್ಲ ಮುಗಿದು ಇನ್ನೂ ಮುಂದೆ ಜಾಗವಿದೆಯೇ ಎಂದು ಹುಡುಕುತ್ತಿತ್ತು. ಕಾದ ಗುಡಾಣದ ಮುಚ್ಚಳವನ್ನು ಮೊದಲು ಎರಡು ಬೆರಳಷ್ಟು ಎತ್ತಿ, ಒಳಗಿನ ಉರಿ ಉಸಿರು ಬಿಟ್ಟ ಮೇಲೆ ಪೂರ್ತಿ ತೆಗೆಯಬೇಕು. ಇದು ಐದೂ ಮನೆಯವರಿಗೆ ಬಾಯಿಪಾಠ. ಗಡಿಯಾರದವನು ಒಂದೇ ಏಟಿಗೆ ಎತ್ತಿದ. ಭಗ್ಗೆಂದು ಎದ್ದ ಜ್ವಾಲೆ ಅವನನ್ನು ಮುದ್ದಿಸಿ ಒಳಗೆ ಹೋಯಿತು. ಹೋಗುವಾಗ ಎರಡೂ ಹುಬ್ಬುಗಳನ್ನು ತೆಗೆದುಕೊಂಡು ಹೋಯಿತು.

ಒಂದು ಗಂಟೆಗೆ ದೊಡ್ಡ ಟೀಚರ ಅಂಗಳದಲ್ಲಿ ಐದು ತಟ್ಟೆಗಳು ಸಾಲಾಗಿ ಕೂತವು. ಗಡಿಯಾರದವನ ತಟ್ಟೆಯಲ್ಲಿ ಇದ್ದದ್ದನ್ನು ನೋಡಿ ಬೇಕರಿ ಅಕ್ಕ, ಮುಂದಿನ ವರ್ಷಕ್ಕೆ ಇದ್ದಿಲು ಈಗಲೇ ತಂದೆಯಾ ಎಂದು ಕೇಳಿದಳು. ದೊಡ್ಡ ಟೀಚರು ಅವನ ತಟ್ಟೆಯನ್ನು ಚಮಚದಿಂದ ಒಮ್ಮೆ ತಟ್ಟಿ, ಶಬ್ದ ಕೇಳಿ, ಮುಂದಕ್ಕೆ ಹೋದರು. ಡಾಕ್ಟರ ಮಾಂಸ ಚಮಚ ತಾಗುವ ಮುಂಚೆಯೇ ಮೂಳೆ ಬಿಟ್ಟು ಬಂತು. ಟೀಚರು ಎರಡನೇ ತುತ್ತು ತೆಗೆದುಕೊಂಡರು. ಎರಡನೇ ತುತ್ತೆಂದರೆ ತೀರ್ಪು.

ಡಾಕ್ಟರು ಎದ್ದು ನಿಂತರು. ತಾವು ಕ್ಲಿನಿಕ್ಕಿನಿಂದ ವಾಪಸು ಬಂದಾಗ ಗಾಳಿಬಾಗಿಲು ಪೂರ್ತಿ ತೆರೆದಿತ್ತು, ಬೂದಿಯೆಲ್ಲ ಕೆದಕಿ ಬಿದ್ದಿತ್ತು ಎಂದರು. ಗಡಿಯಾರದವನು ನೀರಿನ ಲೋಟ ಕೆಳಗಿಟ್ಟ. ಕುರ್ಚಿಯ ಅಂಚಿಗೆ ಸರಿದು, ಅಂಗಳದ ಗೇಟು ಎಷ್ಟು ಹೆಜ್ಜೆಯಿದೆ ಎಂದು ಎಣಿಸಿದ.

"ಬಾಗಿಲು ಅರ್ಧಕ್ಕೆ ಇಳಿಸಿದೆ. ಆಮೇಲೆ ಮಾಂಸ ಹೊರಗೆ ತೆಗೆದು, ಮುಚ್ಚಳ ತೆಗೆದಿಟ್ಟು ಕಾಲು ಗಂಟೆ ಆಯ್ತು," ಎಂದರು ಡಾಕ್ಟರು. "ಆಗ್ಲೂ ಮುಳ್ಳು ನೂರಿಪ್ಪತ್ತರಲ್ಲೇ ಇದೆ. ಸತ್ತು ಹೋಗಿದೆ ಅದು. ಹೋದ ಸಲದ ಬೂದಿ ತೆಗೆಯೋದು ಬೇರೆ ಮರೆತಿದ್ದೆ. ಬೆಂಕಿ ಉಸಿರು ಕಟ್ಟಿ ಸಾಯ್ತಾ ಇತ್ತು, ನಾನು ಸತ್ತ ಮುಳ್ಳು ನೋಡ್ಕೊಂಡು ಪೇಪರ್ ಓದ್ತಾ ಇದ್ದೆ. ಕಂಡುಹಿಡಿದಿದ್ದು ಇವರು. ಗಡಿಯಾರದವರಿಗಲ್ದೆ ನಿಂತ ಮುಳ್ಳು ಇನ್ಯಾರಿಗೆ ಗೊತ್ತಾಗುತ್ತೆ? ನನ್ನ ಗುಡಾಣ ಉಳಿಸೋಕೆ ಹೋಗಿ ತಮ್ಮದು ಸುಟ್ಟುಕೊಂಡ್ರು. ಹುಬ್ಬು ನೋಡಿ ಇವರದು."

ಅಂಗಳದಲ್ಲಿದ್ದವರೆಲ್ಲ ಹುಬ್ಬು ನೋಡಿದರು. ಇರಲಿಲ್ಲ. ಬೇಕರಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನಿನ್ನನ್ನು ಇಷ್ಟು ದಿನ ಅಪಾರ್ಥ ಮಾಡಿಕೊಂಡಿದ್ದೆ ಕಣಪ್ಪ ಎಂದಳು. ನಿಜ ಹೇಳಿಬಿಡಲೇ ಎಂದು ಗಡಿಯಾರದವನ ನಾಲಿಗೆಯ ತುದಿಗೆ ಬಂತು. ಆದರೆ ಜೀವಮಾನದಲ್ಲಿ ಮೊದಲ ಸಲ ಇಷ್ಟು ಜನ ಒಟ್ಟಿಗೆ ಅವನ ಕಡೆ ಪ್ರೀತಿಯಿಂದ ನೋಡುತ್ತಿದ್ದರು. ನಾಲಿಗೆ ಹಿಂದಕ್ಕೆ ಹೋಯಿತು.

"ಗೆದ್ದಿದ್ದು ನಾನೇ ಇರಬಹುದು, ಕೋಲು ಇವರ ಗೋಡೆಗೆ ಹೋಗ್ಲಿ," ಎಂದು ಡಾಕ್ಟರು ಹಿತ್ತಾಳೆ ಹಿಡಿಯನ್ನು ಅವನ ಕಡೆಗೆ ನೀಡಿದರು.

ಅವನು ಎರಡೂ ಕೈಯಿಂದ ತೆಗೆದುಕೊಂಡ. ದೇವರು ದೊಡ್ಡವನು ಎಂದುಕೊಂಡ. ಆಗ ದೊಡ್ಡ ಟೀಚರು ಬಾಯೊರೆಸಿಕೊಂಡು ಮಾತಾಡಿದರು. ಇನ್ನು ಮುಂದೆ ಈ ಊಟದ ದಿನ ಐದೂ ಹಿತ್ತಲ ಬೆಂಕಿಗೆ ಇವನೇ ಕಾವಲು. ಎಲ್ಲರ ಬೂದಿ ಕೆದಕುವುದು, ಎಲ್ಲರ ಮುಳ್ಳು ನೋಡುವುದು. ಕೋಲು ಇರುವುದು ಅದಕ್ಕೇ ಅಲ್ಲವೇ?

"ಆದ್ರೆ ಒಂದು," ಎಂದರು. "ಕಾವಲು ಕಾಯೋನು ತನ್ನ ಗುಡಾಣ ಹಚ್ಚೋ ಹಾಗಿಲ್ಲ. ತನ್ನ ಬೆಂಕಿ ಇಟ್ಕೊಂಡು ಇನ್ನೊಬ್ಬರ ಬೆಂಕಿ ನ್ಯಾಯವಾಗಿ ನೋಡೋದು ಯಾರ ಕೈಲೂ ಆಗಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಡಾಕ್ಟರ ಸತ್ತ ಮೀಟರು ಇವನ ಕೈಸೇರಿತು, ಬಿಡುವಾದಾಗ ನೋಡಿ ಎಂದು. ಅದರ ಹಿಂದೆಯೇ ಉಳಿದ ಮೂರು ಮನೆಯ ಮೀಟರುಗಳೂ ಬಂದವು, ಹೇಗೂ ನೋಡುತ್ತೀರಲ್ಲ ಎಂದು.

ಗಡಿಯಾರದವನು ತನ್ನ ಮನೆಯ ಹೊರಗೋಡೆಗೆ, ಕಿಟಕಿಯ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಕೋಲು ತೂಗುಹಾಕಿದ. ಮೂರು ವರ್ಷ ಕಿಟಕಿಯಿಂದ ಕಂಡದ್ದು ಈಗ ಹೊರಗೆ ಹೋದರೆ ಮಾತ್ರ ಕಾಣುತ್ತಿತ್ತು. ಹಿಂದೆ ಹೆಂಡತಿ ಬಂದು ನಿಂತಳು.

"ನೀವು ಅವರ ಬಾಗಿಲು ತೆಗೆಯೋವಾಗ ನಾನು ಕಿಟಕಿಯಲ್ಲೇ ಇದ್ದೆ," ಎಂದಳು ಮೆಲ್ಲಗೆ. "ನಿಮ್ಮ ಮುಖ ನೋಡಿದೆ. ಉಳಿಸೋರ ಮುಖ ಹಾಗಿರಲ್ಲ."

ಅವನು ಹುಬ್ಬು ಗಂಟಿಕ್ಕಲು ನೋಡಿದ. ಗಂಟಿಕ್ಕಲು ಏನೂ ಇರಲಿಲ್ಲ.

"ಯಾರಿಗೂ ಹೇಳಲ್ಲ," ಎಂದು ಅವಳು ಒಂದು ಡಬ್ಬಿಯನ್ನು ಅವನ ಕೈಗಿಟ್ಟಳು. "ಉಳಿದಿದ್ದು ಕೊಡ್ತೀನಿ ಅಂದಿದ್ರು ಡಾಕ್ಟರು. ಹೋಗಿ ಇಸ್ಕೊಂಡು ಬನ್ನಿ. ಬರೋವಾಗ ದಾರೀಲಿ ತಿನ್ಬೇಡಿ."

ಅವನು ಹೋದ, ಇಸಿದುಕೊಂಡ. ಬರುವಾಗ ಗೋಡೆಯ ಮರೆಯಲ್ಲಿ ನಿಂತು ಮುಚ್ಚಳ ತೆಗೆದು, ಒಂದೇ ಒಂದು ಚೂರನ್ನು ಬಾಯಿಗೆ ಹಾಕಿಕೊಂಡ. ಕಣ್ಣು ತಾನಾಗಿ ಅರೆಮುಚ್ಚಿತು, ಮೂಗು ಅರಳಿತು. ಅಯ್ಯೋ ದೇವರೇ, ಎಷ್ಟು ಚೆನ್ನಾಗಿತ್ತು ಅದು. ತನ್ನ ಕೈಯಾರೆ ಕೆದಕಿದ ಬೆಂಕಿಯಲ್ಲಿ ಬೆಂದದ್ದು. ಹಾಗೆಂದು ಯಾರ ಹತ್ತಿರವೂ ಹೇಳಿಕೊಳ್ಳಬೇಕಾಗಿಲ್ಲ, ಓಣಿಗೆಲ್ಲ ಅದು ಗೊತ್ತಿತ್ತು. ಆದರೂ ಇನ್ನೊಂದು ಚೂರು ತೆಗೆದುಕೊಳ್ಳುವಾಗ ಅದೇ ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು. ಈ ಸಲ ಯಾರ ಮೇಲೆ ಎಂದು ಅವನಿಗೆ ತಿಳಿಯಲಿಲ್ಲ.