ಹದಿನಾಲ್ಕು ತೆಂಗಿನ ಮರ

ಯಲ್ಲದಕೆರೆಯ ಯತ್ತಪ್ಪನ ಬೆನ್ನ ಮೇಲೆ ಒಣಗಿದ ತೆಂಗಿನ ಗರಿಯೊಂದು ಬಿದ್ದದ್ದೇ ಇಷ್ಟಕ್ಕೆಲ್ಲ ಕಾರಣ. ಬದುವಿನ ಹದಿನಾಲ್ಕು ಮರಗಳಿಂದ ಪಕ್ಕದ ಹೊಲದ ಜಂಬಣ್ಣ ಇಪ್ಪತ್ತು ವರ್ಷದಿಂದ ಕಾಯಿ ಇಳಿಸುತ್ತಿದ್ದ. ಅವುಗಳ ನೆರಳಿಗೆ ಯತ್ತಪ್ಪನ ಈರುಳ್ಳಿ ಗೋಲಿಗಾತ್ರ ದಾಟುತ್ತಿರಲಿಲ್ಲ. ಗರಿ ಬಿದ್ದ ದಿನ ರೇಗಿದ ಯತ್ತಪ್ಪ ಮರ ಕೊಯ್ಯುವ ಮಿಷನ್ ತರಿಸಿ, ಮಧ್ಯಾಹ್ನದೊಳಗೆ ಹದಿನಾಲ್ಕನ್ನೂ ಉರುಳಿಸಿಬಿಟ್ಟ. ಜಂಬಣ್ಣ ದೂರು ಕೊಟ್ಟ. ಕೆಳಗಿನ ಕೋರ್ಟಿನಲ್ಲಿ ಮೂರು ತಿಂಗಳ ಸಜೆಯಾಯಿತು. ಯತ್ತಪ್ಪ ಚಿತ್ರದುರ್ಗಕ್ಕೆ ಅಪೀಲು ಹೋದ.

ತೀರ್ಪಿನ ದಿನ ಹೆಂಡತಿ ಕಾಳಕ್ಕ ಕಂಬಳಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಧೈರ್ಯ ಹೇಳಲು ಜೊತೆಗೆ ಹೊರಟ ಪಕ್ಕದ ಮನೆಯ ಮುರುಗಪ್ಪ ಬಸ್ಸಿನ ತುಂಬ ಸಾರಿದ: "ಪಾಪ, ಇವತ್ತು ಒಳಗೋಗ್ತಾನ್ರಿ! ಒಂದೀಟು ಜಾಗ ಬಿಡ್ರಿ, ಕುಂತ್ಕಳ್ಲಿ!"

ಸೀಟಿನಲ್ಲಿದ್ದ ಇಬ್ಬರು ಹೌಹಾರಿ ಎದ್ದೇ ಹೋದರು.

ಕೋರ್ಟಿನಲ್ಲಿ ಯತ್ತಪ್ಪ ಕಂಬಳಿ ಗಂಟನ್ನು ಅವುಚಿಕೊಂಡು ನಿಂತ. ನ್ಯಾಯಾಧೀಶರು ಏನೋ ಓದಿದರು. ವಕೀಲೆ ಸುಚಿತ್ರಾ ನಗುತ್ತಾ ತಿರುಗಿದರು.

"ಬಿಡುಗಡೆ ಆಯ್ತು, ಯತ್ತಪ್ಪನವರೇ!"

"ಹೆಂಗ್ ತಾಯೀ? ನಾನು ಕಡ್ದಿದ್ದು ಊರೇ ಕಂಡೈತಲ್ಲ!"

"ಹೋದ ತಿಂಗಳು ಹೊಲ ಅಳತೆ ಮಾಡಿಸಿದ್ವಲ್ಲ, ಅದರ ವರದಿ ನೇರ ಕೋರ್ಟಿಗೇ ಬಂತು, ಅದೇ ಕೈ ಹಿಡೀತು. ಮರ ಇದ್ದಿದ್ದು ಜಂಬಣ್ಣನ ಜಮೀನಲ್ಲಿ ಅಲ್ಲ. ನಿಮ್ಮದರಲ್ಲಿ. ಅವರ ಸ್ವತ್ತು ಅಂತ ಸಾಬೀತೇ ಆಗ್ಲಿಲ್ಲ."

ಮುರುಗಪ್ಪ ಶಿಳ್ಳೆ ಹಾಕಿ, ಪೊಲೀಸಪ್ಪನಿಂದ ಬೈಸಿಕೊಂಡ. ಯತ್ತಪ್ಪನೂ ಕುಣಿಯಲು ಕಾಲೆತ್ತಿದವನು ಹಾಗೇ ನಿಂತುಬಿಟ್ಟ.

"ಅಂದ್ರೆ... ಆ ಮರ... ನಮ್ವಾ?"

"ಹದಿನಾಲ್ಕೂ ನಿಮ್ಮವೇ."

ಹೊರಗೆ ಜಂಬಣ್ಣ ಮೊದಲು ಬಿಳಿಚಿಕೊಂಡ; ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದ. "ಲೇ ಯತ್ತಾ, ಇಪ್ಪತ್ತು ವರ್ಷ ನಿನ್ನ ಎಳನೀರು ಕುಡ್ದೀನಿ ಕಣಪ್ಪ! ಭಾರಿ ಸಿಹಿ ಇದ್ವು!"

ಯತ್ತಪ್ಪನ ಕಣ್ಣೆದುರು ಗೊನೆ ತುಂಬಿದ ಮರಗಳು ಒಂದೊಂದಾಗಿ ಉರುಳಿದವು. ಸಿಟ್ಟು ನೆತ್ತಿಗೇರಿತು.

"ಬಿಡಬ್ಯಾಡ್ರಿ ತಾಯೀ! ಫಲಕ್ಕೆ ಬಂದ ನನ್ ಮರ ಕಡ್ದೋನ್ನ ಬಿಡಬ್ಯಾಡ್ರಿ! ಕೇಸ್ ಹಾಕ್ರಿ! ಒಳಗ್ ಹಾಕಿಸ್ರಿ!"

ಸುಚಿತ್ರಾ ಕಡತಕ್ಕೆ ದಾರ ಸುತ್ತುತ್ತಾ ಹೇಳಿದರು: "ಅವರನ್ನ ಈಗಷ್ಟೇ ಬಿಡಿಸ್ಕೊಂಡು ಬಂದೆನಲ್ಲ, ಯತ್ತಪ್ಪನವರೇ."